ಖಾರ ಕಡಿಮೆಯ ಚಟ್ನಿ

ಅರಸೀಕೆರೆ
ಭಾನುವಾರ, 16-11-2025

ನನ್ನ ಬಂಗಾರ ಶಶಿಗೆ,

ಹೇಗಿದ್ದೀಯಪ್ಪಾ? ಅಕ್ಕನ ಮನೆಯ ಊಟ ಸೇರುತ್ತಿದೆಯೆ? ಗೆಂಡೆಹಳ್ಳಿಯಲ್ಲಿ ಈಗ ಚಳಿ ಜಾಸ್ತಿ, ಕಿವಿಗೆ ಮಫ್ಲರ್ ಸುತ್ತಿಕೊ. ಧರ್ಮೇಶ್ ಭಾವನನ್ನು ಕೇಳಿದರೆ ಅವರದ್ದೇ ಕೊಡುತ್ತಾರೆ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಅಪ್ಪಾಜಿ ಕೊಬ್ಬರಿ ಮಂಡಿಯಿಂದ ಬಂದವರೇ ಬಾಗಿಲಲ್ಲಿ ನಿನ್ನ ಚಪ್ಪಲಿ ಇದೆಯೇ ಅಂತ ನೋಡುತ್ತಾರೆ, ಕೇಳಿದರೆ ಒಪ್ಪಿಕೊಳ್ಳುವುದಿಲ್ಲ. ಬಿಂಕ!

ಫೋನಿನಲ್ಲಿ ಯಾರೋ ಕದ್ದು ಕೇಳುತ್ತಾರೆಂದು ನೀನು ಎತ್ತುವುದೇ ಇಲ್ಲ, ಅದಕ್ಕೇ ಈ ಕಾಗದ. ಸಿರಿ ಅಕ್ಕ ಎಲ್ಲ ಹೇಳಿದಳು. ಆ ದನಿಗಳು ಮತ್ತೆ ಬಂದಿವೆಯಂತೆ, ಮೂರು ದಿನದಿಂದ ನಿದ್ದೆಯಿಲ್ಲವಂತೆ. ಆದರೂ "ಅರಸೀಕೆರೇಲಿ ಐದು ತಿಂಗ್ಳು ಒಂದು ಮಾತ್ರೇನೂ ತಗೊಳ್ದೆ ಆರಾಮಾಗಿದ್ದೆ, ಈಗ್ಯಾಕೆ?" ಅಂದೆಯಂತೆ. ಆ ಮಾತು ಕೇಳಿದಾಗಿನಿಂದ ನಾನು ಮನೆಯಲ್ಲಿ ಚಟ್ನಿ ಅರೆದಿಲ್ಲ. ಯಾಕೆಂದು ಆಮೇಲೆ ಬರೆಯುತ್ತೇನೆ.

ಶುಕ್ರವಾರ ನಾನೊಬ್ಬಳೇ ಹಾಸನಕ್ಕೆ ಹೋಗಿ ನಿನ್ನ ಡಾಕ್ಟರನ್ನು ಕಂಡೆ. ನಾನು ಓದಿದ್ದು ಏಳನೇ ಕ್ಲಾಸು, ಆದರೂ ಬಿಡಲಿಲ್ಲ, ಈ ಮಾತ್ರೆ ಒಳಗೆ ಹೋಗಿ ಮಾಡುವುದಾದರೂ ಏನು ಅಂತ ಕೇಳಿಯೇ ಕೇಳಿದೆ. ಮಿದುಳಿನಲ್ಲಿ ಡೋಪಮೈನ್ ಅಂತ ಒಂದು ರಸವಿದೆಯಂತೆ. ಇದು ಮುಖ್ಯ, ಇದನ್ನು ಗಮನಿಸು ಅಂತ ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಅದು ಮಿತಿಮೀರಿದರೆ ಪಕ್ಕದ ಮನೆಯ ಉಗ್ರಪ್ಪ ಕೆಮ್ಮಿದರೂ ನಮ್ಮನ್ನು ಕುರಿತೇ ಕೆಮ್ಮಿದ ಅನ್ನಿಸುತ್ತದೆ, ಇಲ್ಲದ ದನಿ ಕೇಳುತ್ತದೆ. ಮಾತ್ರೆ ಹೋಗಿ ಆ ಸುದ್ದಿ ಇಳಿಯುವ ಜಾಗದಲ್ಲಿ ಕೂತು ಅದರ ಜೋರು ತಗ್ಗಿಸುತ್ತದೆ. ಒಂದೇ ದಿನಕ್ಕಲ್ಲ, ವಾರಗಳೇ ಬೇಕು. ನಿಲ್ಲಿಸಿದರೆ ದನಿಗಳು ತಿರುಗಿ ಬರಬಹುದು. ಹುಚ್ಚಿನ ಮಾತ್ರೆ ಅಂತ ಬೈಯಬೇಡ ಕಣೋ, ಅಪ್ಪಾಜಿಗೆ ಬಿಪಿ ಮಾತ್ರೆ ಇಲ್ಲವೆ, ಹಾಗೆಯೇ ಇದೂ. ನಿದ್ದೆ ಎಳೆದರೆ, ಕೈ ನಡುಗಿದರೆ, ದಪ್ಪಗಾದರೆ ಹೇಳಬೇಕಂತೆ, ಬದಲಾಯಿಸಿ ಕೊಡುತ್ತಾರೆ. ಹೋದ ವರ್ಷ ನೀನು ತೂಕಡಿಸಿದಾಗ ಸೋಮಾರಿ ಅಂತ ಬೈದೆನಲ್ಲ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಅಕ್ಕ ಭಾವನಿಗೆ ನನ್ನ ಆಶೀರ್ವಾದ ಹೇಳು. ನೂರು ಕಾಲ ಚೆನ್ನಾಗಿರು, ಕಂದಾ.

ನಿನ್ನ ಅವ್ವ,
ಶಾಂತಾದೇವಿ

ತಾ.ಕ.: ಮರೆತಿದ್ದೆ ಅಂತ ಬರೆಯೋಣವೆಂದುಕೊಂಡೆ. ಮರೆತಿರಲಿಲ್ಲ, ಕೈ ಬರಲಿಲ್ಲ. ಶಶಿ, ಆ ಐದು ತಿಂಗಳೂ ಮಾತ್ರೆ ನಿನ್ನ ಹೊಟ್ಟೆಗೆ ಹೋಗಿದೆ. ನಾನೇ ಪುಡಿಮಾಡಿ ನಿನ್ನ ಚಟ್ನಿಯಲ್ಲಿ ಬೆರೆಸುತ್ತಿದ್ದೆ. ಖಾರ ಕಡಿಮೆ ಹಾಕಿದ್ದೀನಿ ಅಂತ ಬೇರೆ ಬಟ್ಟಲಲ್ಲಿ ಕೊಡುತ್ತಿದ್ದೆನಲ್ಲ, "ನೋಡಿ, ಅವ್ವಂಗೆ ನನ್ಮೇಲೇ ಪ್ರೀತಿ" ಅಂತ ನೀನು ಅಪ್ಪಾಜಿಯನ್ನು ರೇಗಿಸುತ್ತಿದ್ದೆಯಲ್ಲ, ಅದೇ ಚಟ್ನಿ. ನೀನು ಅಕ್ಕನ ಮನೆಗೆ ಹೋದ ಮೇಲೆ ಅದು ನಿಂತಿತು, ದನಿಗಳು ತಿರುಗಿ ಬಂದವು. ಊಟದಲ್ಲಿ ಏನಾದ್ರೂ ಹಾಕಿದ್ದೀಯ ಅಂತ ನೀನು ಹೆದರಿ ಕೇಳಿದ ದಿನ ಕೊರಳ ಲಿಂಗ ಮುಟ್ಟಿ ಇಲ್ಲ ಅಂದೆ. ಸುಳ್ಳು ಹೇಳಿದೆ. ಡಾಕ್ಟರೂ ಬೈದರು. ಇನ್ನೆಂದೂ ಹಾಗೆ ಮಾಡುವುದಿಲ್ಲ. ಮಂಡಿಯ ಆಟೋ ಓಡಿಸುವ ಸಂತೋಷ್ ಕೈಲಿ ಡಾಕ್ಟರ ಚೀಟಿ, ಒಂದೂ ಬಿಚ್ಚದ ಮಾತ್ರೆ ಪಟ್ಟಿ, ಸುಲಿಯದ ಆರು ತೆಂಗಿನಕಾಯಿ ಕಳಿಸಿದ್ದೇನೆ. ಕಾಯಿ ನೀನೇ ಒಡೆ, ಚಟ್ನಿ ನೀನೇ ಅರೆದುಕೊ. ಮಾತ್ರೆ ಬಿಡಿಸಿ ನೀನೇ ನುಂಗು ಕಂದಾ. ಈ ಸಲ ಕೇಳಿಕೊಳ್ಳುತ್ತಿದ್ದೇನೆ.