ಬಾಗಿಲ ಕಡೆ ತಿರುಗಿದ ಚಪ್ಪಲಿ

ಬೊಮ್ಮಸಂದ್ರ
ಶುಕ್ರವಾರ, ಸಂಜೆ

ರಕ್ಷಿತಕ್ಕಾ,

ಒಂದು ವರ್ಷದಿಂದ ಮುಚ್ಚಿಟ್ಟಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿಲ್ಲ. ಹತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು ಈಗ ಶಾಲೆ ಶಾಲೆ ಸುತ್ತುತ್ತಿದ್ದೇನೆ. ಯೂನಿಫಾರ್ಮ್ ತೊಟ್ಟು, ಎರಡು ಜಡೆ ಹಾಕಿಕೊಂಡು, ಬದುಕೇ ಬೇಡವೆನಿಸಿದ ಹುಡುಗಿಯಾಗಿ ಶಿಕ್ಷಕರ ಎದುರು ಕೂರುವುದೇ ನನ್ನ ಕೆಲಸ.

ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ ಒಂದು ಸಂಸ್ಥೆಯಿದೆ. ಶಾಲೆಯಲ್ಲಿ ಹೊಡೆಸಿಕೊಂಡವರು, ಹೊಡೆದವರು, ಸಾಯಲು ಹೊರಟು ಉಳಿದುಕೊಂಡವರು, ಇಂಥ ಮಕ್ಕಳನ್ನೆಲ್ಲ ಅವರು ಹಲವು ವರ್ಷ ಮಾತಾಡಿಸಿದ್ದಾರೆ. ಕೇಳಿದ್ದನ್ನೆಲ್ಲ ಕೂಡಿಸಿ 'ಮಾಲಾ' ಎಂಬ ಹುಡುಗಿಯನ್ನು ಕಟ್ಟಿದ್ದಾರೆ. ಅವಳನ್ನು ಮಾತಾಡಿಸುತ್ತ ಶಿಕ್ಷಕರು ಕಲಿಯಬೇಕು. "ಸಾಯಬೇಕು ಅನ್ನಿಸ್ತಿದೆಯಾ?" ಎಂದು ಯಾರಾದರೂ ನೇರವಾಗಿ ಕೇಳುವವರೆಗೆ ಮಾಲಾ ಬಾಯಿ ಬಿಡುವುದಿಲ್ಲ. ಎಷ್ಟೋ ಮಂದಿಗೆ ಆ ಪ್ರಶ್ನೆ ಗಂಟಲಿನಿಂದ ಹೊರಡುವುದೇ ಇಲ್ಲ ಅಕ್ಕ. ಒಬ್ಬ ಪಿ.ಟಿ. ಮೇಷ್ಟ್ರು ಬೆವರುತ್ತಾ, "ಊಟ ಆಯ್ತೇನಮ್ಮಾ? ತಿಂಡಿ ಆಯ್ತೇನಮ್ಮಾ?" ಎಂದು ತಿರುಗಿ ತಿರುಗಿ ಕೇಳಿದರು.

ಮಾಲಾಳ ಮಾತುಗಳನ್ನು ಸಂಸ್ಥೆಯ ಸ್ಫೂರ್ತಿ ಮೇಡಂ ಬಾಯಿಂದ ಬಾಯಿಗೇ ಕಲಿಸುತ್ತಾರೆ. ಮುಗಿದ ಮೇಲೆ ಒಂದು ಕಟ್ಟಳೆಯಿದೆ. ಹೊಸ್ತಿಲ ಮೇಲೆ ನಿಂತು ನನ್ನ ಹೆಸರು, ಅವ್ವನ ಹೆಸರು, ಬೆಳಿಗ್ಗೆ ತಿಂದದ್ದೇನು ಎಂದು ಗಟ್ಟಿಯಾಗಿ ಹೇಳಿ ಆಚೆ ಕಾಲಿಡಬೇಕು. ಹಾಗೆ ಮಾಡಿದರೆ ಮಾಲಾ ಆ ಕೋಣೆಯೊಳಗೇ ಉಳಿಯುತ್ತಾಳಂತೆ. ಹೊಡೆದಾಡುವ ಹುಡುಗನ ಪಾತ್ರ ಮಾಡುವ ನಂದೀಶ್ ಇದಕ್ಕೆ ನಗುತ್ತಿದ್ದ. "ಎರಡು ಸಲ ಹೇಳ್ಬಿಡು ಗುರು, ದೆವ್ವ ಬಸ್ ಹತ್ತೀತು!"

ನಾನೂ ನಗುತ್ತಿದ್ದೆ. ಆದರೆ ವಾಪಸ್ ಬರುವಾಗ ಬಸ್ಸು ಎಷ್ಟೇ ತುಂಬಿದ್ದರೂ ನನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಒಬ್ಬ ಅಜ್ಜಿ ಕೂರಲು ಬಂದವಳು ಸೀಟು ನೋಡಿ, "ಇರ್ಲಿ ಬಿಡವ್ವ, ಕೂತವ್ರಲ್ಲ" ಎಂದು ಮುಂದೆ ಹೋದಳು.

ಹೋದ ತಿಂಗಳು ಮೇಡಂ ಮಾಲಾಳಿಗೆ ಹೊಸ ಮಾತು ಸೇರಿಸಿದರು. ಸರ್ಜಾಪುರದ ಕಡೆಯ ಶಾಲೆಯೊಂದರಲ್ಲಿ ಅದನ್ನು ಮೊದಲ ಸಲ ಹೇಳಿದೆ. "ಅವತ್ತು ಚಪ್ಪಲಿ ಬಾಗಿಲ ಕಡೆ ತಿರುಗಿಸಿ ಇಟ್ಟಿದ್ದೆ ಮಿಸ್. ಹೋದ್ರೆ ವಾಪಸ್ ಬರೋದಿಲ್ಲ ಅಂತ. ಅಷ್ಟರಲ್ಲಿ ನನ್ನ ತಂಗಿ ಅವನ್ನ ಹಾಕ್ಕೊಂಡು ಟ್ಯಾಂಕರ್ ನೀರಿಗೆ ಓಡಿದ್ಲು. ಒಂದನ್ನ ಕಳ್ಕೊಂಡು ಬಂದ್ಲು."

ಕಲಿಸಿದ್ದು ಅಷ್ಟೇ. ನನ್ನ ಬಾಯಿ ನಿಲ್ಲಲಿಲ್ಲ. "ಅವಳ ಕಿವಿ ಮೇಲೆ ಹೊಡ್ದೆ ಮಿಸ್. ಅವಳು ಅಳ್ಲಿಲ್ಲ. ಅವಳನ್ನ ತಬ್ಕೊಂಡು ನಾನೇ ಅತ್ತೆ" ಎಂದಿತು. ದನಿ ನನ್ನದಾಗಿರಲಿಲ್ಲ.

ಹೊಸ್ತಿಲಲ್ಲಿ ನಿಂತಾಗ ಮೇಡಂ ಹೆಸರು ಕೇಳಿದರು. "ರಕ್ಷಿತಾ" ಎಂದೆ. ನಂದೀಶ್ ನಗಲು ಹೋಗಿ ನನ್ನ ಮುಖ ನೋಡಿ ನನ್ನ ಬ್ಯಾಗು ಎತ್ತಿಕೊಂಡ.

ಮಾಲಾ ಅಂದರೆ ನಮ್ಮಕ್ಕನೇನಾ ಎಂದು ಮೇಡಂ ಅವರನ್ನು ಕೇಳಿದೆ. "ಅದನ್ನ ಹೇಳೋ ಹಾಗಿಲ್ಲ ನೀಲಾ. ಮಾಲಾ ಒಬ್ಬಳಲ್ಲ, ಎಷ್ಟೋ ಮಕ್ಕಳು" ಎಂದರು. ಇರಬಹುದು. ಆದರೆ ನಿನ್ನ ಏಟು ನನ್ನ ಕಿವಿಗೆ ನೆನಪಿದೆ. ಚಪ್ಪಲಿ ಕಳೆದದ್ದಕ್ಕೆ ನೀನು ಹೊಡೆದೆ ಎಂದೇ ಇಷ್ಟು ವರ್ಷ ನಾನು ತಿಳಿದಿದ್ದೆ.

ಭಾನುವಾರ ವಿಡಿಯೋ ಕಾಲಿನಲ್ಲಿ ನಿನ್ನ ಬೆನ್ನ ಹಿಂದೆ ಬಾಗಿಲು ಕಾಣುತ್ತಿತ್ತು. ಚಪ್ಪಲಿ ಹೊರಗಡೆಗೆ ಮುಖ ಮಾಡಿ, ಜೋಡಿಸಿಟ್ಟಂತೆ ಇದ್ದವು. ಎಲ್ಲರ ಮನೆಯಲ್ಲೂ ಹಾಗಿರಬಹುದು. ಆದರೆ ನೀನು ಯಾವಾಗಲೂ ಗೋಡೆಯ ಕಡೆ ತಿರುಗಿಸಿ ಬಿಡುವವಳು. ಅಪ್ಪ ಕೊಡಿಸಿದ ವಾಚನ್ನು ಮನೆಯೊಡತಿ ಬಸಮ್ಮನವರ ಮಗಳಿಗೆ ಕೊಟ್ಟೆ ಎಂದೆ ನೀನು. ನಾನು ಕೇಳುವ ಮೊದಲೇ "ಊಟ ಆತು" ಎಂದೆ.

ಅದಕ್ಕೇ ಇವತ್ತು ಮಧ್ಯಾಹ್ನ ಫೋನ್ ಮಾಡಿ ನೇರವಾಗಿ ಕೇಳಿದ್ದು. ನೀನು ಎಷ್ಟೋ ಹೊತ್ತು ಸುಮ್ಮನಿದ್ದೆ. ಆಮೇಲೆ "ಹುಚ್ಚಿ, ಫೋನ್ ಇಡು" ಎಂದೆ. ಇಲ್ಲ ಎನ್ನುವವರು ಬೇಗ ಇಲ್ಲ ಎನ್ನುತ್ತಾರೆ ಅಕ್ಕ. ಆ ಮೌನ ನನಗೆ ಚೆನ್ನಾಗಿ ಗೊತ್ತು. ಹಾಗೆ ಸುಮ್ಮನಿರುವುದಕ್ಕೇ ನನಗೆ ಸಂಬಳ ಕೊಡುತ್ತಾರೆ.

ಬುದ್ಧಿ ಹೇಳಲು ಬರುವುದಿಲ್ಲ. ಅದರಿಂದ ಉಪಯೋಗವಿಲ್ಲವೆಂದೂ ಕಂಡಿದ್ದೇನೆ. ನಿನ್ನ ಪಕ್ಕ ಕೂರುತ್ತೇನೆ. ನೀನು ಹೇಳಿದಷ್ಟು ಕೇಳುತ್ತೇನೆ. ಸ್ಫೂರ್ತಿ ಮೇಡಂ ರಾಯಚೂರಿನ ಒಬ್ಬ ಡಾಕ್ಟರಮ್ಮನ ಜೊತೆ ಮಾತಾಡಿದ್ದಾರೆ, ಸೋಮವಾರ ಇಬ್ಬರೂ ಹೋಗೋಣ. ಬೈದರೆ ಬೈಸಿಕೊಳ್ಳುತ್ತೇನೆ. ಹೊಡೆದರೆ ಆ ಇನ್ನೊಂದು ಕಿವಿ ಖಾಲಿಯೇ ಇದೆ.

ಇದನ್ನು ಅಂಚೆಗೆ ಹಾಕುವುದಿಲ್ಲ. ಎದುರು ನಿಂತರೆ ನನಗೆ ಮಾತು ಬರುವುದಿಲ್ಲವಾದ್ದರಿಂದ ಕೈಯಲ್ಲಿ ಕೊಟ್ಟು, ನೀನು ಓದುವವರೆಗೆ ಕೂತಿರುತ್ತೇನೆ.

ನಿನ್ನ ಚಪ್ಪಲಿ ಕಳೆದವಳು,
ನೀಲಾಂಬಿಕಾ

ಮರೆತ ಮಾತು: ನೀನು ಇದನ್ನು ಓದುವ ಹೊತ್ತಿಗೆ, ಹಿಂದಿನ ರಾತ್ರಿ ಬಸಮ್ಮನವರು "ನಮ್ಮ ಕಡಿ ಕರೆಂಟ್ ಹೋಗ್ಯಾದ ತಂಗಿ, ನನಗ ಒಬ್ಬಾಕಿಗೆ ಅಂಜಿಕಿ ಬರ್ತದ" ಎಂದು ನಿನ್ನ ಕೋಣೆಗೆ ಮಲಗಲು ಬಂದಿರುತ್ತಾರೆ. ಕರೆಂಟ್ ಹೋಗಿರಲಿಲ್ಲ. ನಿನ್ನನ್ನು ಒಬ್ಬಳನ್ನೇ ಬಿಡಬೇಡಿ ಎಂದು ನಾನೇ ಬೇಡಿಕೊಂಡೆ. ನಿನ್ನ ಚಪ್ಪಲಿ ತೆಗೆದು ಒಳಗಿಡಲು ಹೇಳಿದ್ದೂ ನಾನೇ. ಫೋನ್ ಮಾಡಿದಾಗ ಅವರೊಂದು ಮಾತು ಕೇಳಿದರು: "ನಿನ್ನ ದನಿ ಥೇಟ್ ನಿಮ್ಮ ಅಕ್ಕನದ ಐತಲ್ಲವಾ, ಆಕೀನೇ ಮಾತಾಡ್ಲಿಕತ್ತಾಳೇನು?" ನಾನು ನನ್ನ ಹೆಸರು, ಅವ್ವನ ಹೆಸರು, ಬೆಳಿಗ್ಗೆ ತಿಂದದ್ದು ಎಲ್ಲ ಹೇಳಿದೆ. ಇವತ್ತಿನ ರಾತ್ರಿ ಬಸ್ಸುಗಳೆಲ್ಲ ತುಂಬಿವೆ. ನಾಳೆ ಬೆಳಿಗ್ಗೆ ಲಿಂಗಸುಗೂರಿಗೆ, ನಿನ್ನ ಹತ್ತಿರ ಹೊರಡುತ್ತೇನೆ.