ಸಾಕು ಅಂದಷ್ಟೂ ಸೌಟು

ಅತ್ತೆಯವರಿಗೆ ನಮಸ್ಕಾರ. ಬೆಳಗ್ಗೆಯೆಲ್ಲ ಬಂದರು ಸುತ್ತಿದೆವು. ನಮ್ಮ ಬೀದಿಯಷ್ಟುದ್ದದ ಹಡಗನ್ನು ಪುಟ್ಟ ದೋಣಿಯೊಂದು ಮೂಗುದಾರ ಹಾಕಿದ ಎಮ್ಮೆಯಂತೆ ದಡಕ್ಕೆ ಎಳೆದು ತಂದಿತು.

ಮಧ್ಯಾಹ್ನ ಅಲ್ಲೇ ಹೋಟೆಲಿನಲ್ಲಿ ಮೀನಿನೂಟ. ಹೊಟ್ಟೆ ತುಂಬಿದ ಮೇಲೆ ನಿಮ್ಮ ಮಗ, "ಸಾಕಮ್ಮಾ, ಸಾಕು" ಅಂದರು. ಬಡಿಸುವಾಕೆ ನಕ್ಕು ಇನ್ನೊಂದು ಸೌಟು ಸುರಿದಳು. ಇವರು ಸಾಕು ಅಂದಷ್ಟೂ ಆಕೆ ಬಡಿಸುತ್ತಲೇ ಹೋದಳು. ಕೊನೆಗೆ ಪಕ್ಕದ ಮೇಜಿನ ನಾವಿಕ ಸನ್ನೆ ಮಾಡಿ ತಿಳಿಸಿದ: ಇಲ್ಲಿನ ಮಾತಿನಲ್ಲಿ 'ಸಾಕು' ಅಂದರೆ 'ಹಾಕು' ಅಂತೆ!

ನನ್ನ ಮಂಡಿನೋವು ಪರವಾಗಿಲ್ಲ. ಇವರು ಮಾತ್ರ ಜೀರಿಗೆ ನೀರು ಕುಡಿದು, ಹೊಟ್ಟೆ ಹಿಡಿದುಕೊಂಡು ಮಲಗಿದ್ದಾರೆ. ಈಗಷ್ಟೇ ಕಣ್ಣು ಬಿಟ್ಟು ಕೇಳಿದರು: "ಅಲ್ಲ ಕಣೇ, ನಮ್ಮಮ್ಮಂಗೆ ಈ ಊರಿನ ಭಾಷೆ ಯಾವಾಗ ಬಂತು?"

ಕಾರ್ಡು ತುಂಬಿತು.
ನಿಮ್ಮ ಸೊಸೆ