ಬಂದವರು ಹೋದ ಮೇಲೆ ಹತ್ತಿದ ದೀಪ

ಮನೆಬಳಕೆಯ ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಮಂಡಳಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ,

ಮಾನ್ಯರೇ,

ಕಳೆದ ತಿಂಗಳ ಎರಡನೆಯ ಗುರುವಾರ ಬೆಳಿಗ್ಗೆ, ನಿಮ್ಮ ಮಂಡಳಿಯ ಮುದ್ರೆ ಹೊತ್ತ ಒಂದು ಸ್ಮಾರ್ಟ್ ಪ್ಲಗ್ ನನ್ನ ಅಕ್ಕನ ಮನೆಯಲ್ಲಿ ತನ್ನ ಕೆಲಸ ಮಾಡಲಿಲ್ಲ. ಅದು ಕೆಟ್ಟಿರಲಿಲ್ಲ. ಅದನ್ನು ತಯಾರಿಸಿದ ಕಂಪನಿ ಒಂದು ವಾರ ಮುಂಚೆ ದೂರದಲ್ಲಿ ಕುಳಿತೇ ಅದರ ತಂತ್ರಾಂಶವನ್ನು ಬದಲಾಯಿಸಿ, ಮನೆಯೊಳಗಿನ ಮಾತನ್ನು ಮನೆಯೊಳಗೇ ಕೇಳಿಸಿಕೊಳ್ಳುವ ಶಕ್ತಿಯನ್ನು ಕಿತ್ತುಕೊಂಡಿತ್ತು. ಅದರಿಂದಾಗಿ ನನ್ನ ಅಕ್ಕ ತನ್ನ ಒಬ್ಬಳೇ ಗೆಳತಿಯನ್ನು ಕಳೆದುಕೊಂಡಿದ್ದಾಳೆ. ನಾನು ದೂರು ಕೊಟ್ಟೆ. ನಿಮ್ಮ ಕಚೇರಿ ಒಂದೇ ವಾಕ್ಯದಲ್ಲಿ ಉತ್ತರಿಸಿತು: "ಬಳಕೆದಾರರು ಬದಲಾವಣೆಗೆ ಸಮ್ಮತಿ ನೀಡಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ." ಈ ಪತ್ರ ಆ ಸಮ್ಮತಿಯ ಬಗ್ಗೆ. ಅದು ಎಲ್ಲಿಂದ ಹುಟ್ಟಿತೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ. ಅದನ್ನು ಹೇಳಲು ನನಗೆ ನಾಲಿಗೆ ಏಳುತ್ತಿಲ್ಲ, ಆದರೂ ಹೇಳುತ್ತೇನೆ.

ಅಕ್ಕ ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸಿದವಳು. ಆ ಸದ್ದಿಗೆ ಅವಳ ಕಿವಿ ವರ್ಷ ವರ್ಷಕ್ಕೂ ಇಷ್ಟಿಷ್ಟೇ ಹೋಯಿತು. ಗಿರಣಿ ಮುಚ್ಚುವ ಹೊತ್ತಿಗೆ ಪೂರ್ತಿ ಹೋಗಿತ್ತು. ಈಗ ಮಹಡಿಯ ಮೇಲಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕುತ್ತಿದ್ದಾಳೆ. ಅವಳ ಪಕ್ಕದ ಮಗ್ಗದಲ್ಲಿ ನಿಲ್ಲುತ್ತಿದ್ದ ಹೆಂಗಸು ಪ್ರತಿ ಗುರುವಾರ ಬರುತ್ತಿದ್ದಳು. ಅಕ್ಕ ಅವಳನ್ನು ಇಂದಿಗೂ 'ಪಕ್ಕದ ಮಗ್ಗ' ಎಂದೇ ಕರೆಯುವುದು. ಅವಳ ಕಿವಿಯೂ ಅಷ್ಟಕ್ಕಷ್ಟೆ. ಗಿರಣಿಯಲ್ಲಿ ಕೂಗಿ ಪ್ರಯೋಜನವಿಲ್ಲದ್ದರಿಂದ ಅಲ್ಲಿಯವರು ತುಟಿಯಾಡಿಸಿ, ಕೈಯಾಡಿಸಿ ಮಾತಾಡುತ್ತಿದ್ದರು. ಇವರಿಬ್ಬರೂ ಅದೇ ಭಾಷೆಯಲ್ಲಿ ನನ್ನೆದುರೇ ನನ್ನನ್ನು ಆಡಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಒಂದಕ್ಷರ ಹತ್ತುತ್ತಿರಲಿಲ್ಲ. ಅಕ್ಕನಿಗೆ ಬಾಯಿ ನೋಡಿ ಮಾತು ತಿಳಿಯುತ್ತದೆ, ನಿಜ. ಆದರೆ ಆಯಾಸವಿಲ್ಲದೆ, ಅಂದಾಜು ಕಟ್ಟದೆ, 'ಇನ್ನೊಂದ್ಸಲ ಹೇಳು' ಅನ್ನದೆ ಅವಳು ಮಾತಾಡಬಲ್ಲ ಜೀವ ಅದೊಂದೇ.

ಬೀದಿಬಾಗಿಲು ಮೆಟ್ಟಿಲ ಕೆಳಗೆ, ಅಕ್ಕನ ಯಂತ್ರ ಮೇಲೆ. ಬಂದವರು ಬಾಗಿಲು ಬಡಿದರೆ ಕೇಳುವುದು ಹೇಗೆ? ಅಕ್ಕ ತಾನೇ ಒಂದು ಏರ್ಪಾಟು ಮಾಡಿಕೊಂಡಿದ್ದಳು. ಬಾಗಿಲ ಹೊರಗಿನಿಂದ ಮೆಟ್ಟಿಲುದ್ದಕ್ಕೂ ಒಂದು ದಾರ. ದಾರದ ತುದಿಗೆ, ಯಂತ್ರದ ಎದುರಿನ ಗೋಡೆಯಲ್ಲಿ, ಒಂದು ಕೆಂಪು ಬಟ್ಟೆಯ ಚೂರು. ಕೆಳಗೆ ಎಳೆದರೆ ಮೇಲೆ ಬಟ್ಟೆ ಕುಣಿಯುತ್ತಿತ್ತು. ಪಕ್ಕದ ಮಗ್ಗದವಳು ಎಳೆಯುವುದಕ್ಕೂ ಒಂದು ಲಯವಿತ್ತು: ಎರಡು ಸಲ ಬೇಗ ಬೇಗ, ಸ್ವಲ್ಪ ಬಿಟ್ಟು ಒಂದು ಸಲ. ಬಟ್ಟೆ ಕುಣಿಯುವ ರೀತಿ ನೋಡಿಯೇ ಅಕ್ಕ ಯಾರೆಂದು ಹೇಳುತ್ತಿದ್ದಳು. ಆ ಏರ್ಪಾಟು ಒಂದು ದಿನವೂ ತಪ್ಪಿದ್ದು ನನಗೆ ನೆನಪಿಲ್ಲ. ಅದಕ್ಕೆ ನಿಮ್ಮ ಮುದ್ರೆ ಇರಲಿಲ್ಲ.

ನನಗೆ ಮಾತ್ರ ಆ ಚಿಂದಿ ನೋಡಿದಾಗಲೆಲ್ಲ ನಾಚಿಕೆಯಾಗುತ್ತಿತ್ತು. ನಾಲ್ಕಕ್ಷರ ಓದಿದ ತಮ್ಮನಿದ್ದೂ ಅಕ್ಕ ದಾರ ಕಟ್ಟಿಕೊಂಡು ಬದುಕಬೇಕೇ? ಅಂಗಡಿಗೆ ಹೋದೆ. ಬಾಗಿಲಿಗೆ ಅಂಟಿಸುವ ಒಂದು ಗುಂಡಿ, ದೀಪಕ್ಕೆ ಸಿಕ್ಕಿಸುವ ಒಂದು ಸ್ಮಾರ್ಟ್ ಪ್ಲಗ್. ಗುಂಡಿ ಒತ್ತಿದರೆ ಮೇಲೆ ದೀಪ ಹತ್ತಿ ಆರುತ್ತದೆ. ಡಬ್ಬದ ಮೇಲೆ 'ಇಂಟರ್ನೆಟ್ ಇಲ್ಲದಿದ್ದರೂ ಮನೆಯೊಳಗೆ ಕೆಲಸ ಮಾಡುತ್ತದೆ' ಎಂಬ ಸಾಲು, ಆ ಸಾಲಿನ ಪಕ್ಕದಲ್ಲೇ ನಿಮ್ಮ ದುಂಡು ಮುದ್ರೆ. ನಾನು ನಂಬಿದ್ದು ಕಂಪನಿಯನ್ನಲ್ಲ ಸ್ವಾಮೀ, ನಿಮ್ಮನ್ನು. ದಾರವನ್ನು ನನ್ನ ಕೈಯಾರೆ ಬಿಚ್ಚಿ ಸುತ್ತಿ ಎಸೆದೆ. ಪಕ್ಕದ ಮಗ್ಗದವಳನ್ನು ಬಾಗಿಲಲ್ಲಿ ನಿಲ್ಲಿಸಿ, ಮುದ್ರೆಯ ಮೇಲೆ ಬೆರಳಿಟ್ಟು ತೋರಿಸಿ, ತುಟಿ ಬಿಡಿಸಿ ಬಿಡಿಸಿ ಹೇಳಿದೆ: "ಒತ್ತಿದ್ರೆ ಸಾಕು, ದೀಪ ಹತ್ತೇ ಹತ್ತುತ್ತೆ. ಬಾಗಿಲು ತೆಗೀಲಿಲ್ಲ ಅಂದ್ರೆ ಅಕ್ಕನಿಗೆ ನಿಮ್ಮ ಮುಖ ನೋಡೋಕೆ ಇಷ್ಟ ಇಲ್ಲ ಅಂತ ತಿಳ್ಕೊಳ್ಳಿ!"

ತಮಾಷೆಗೆ ಹೇಳಿದ ಮಾತು. ಅವಳೂ ನಕ್ಕಳು.

ಈಗ ಆ ಸಮ್ಮತಿಯ ವಿಷಯ. ಕಳೆದ ತಿಂಗಳ ಮೊದಲ ಗುರುವಾರ ನಾನು ಹೋಗುವ ಹೊತ್ತಿಗೆ ಗೆಳತಿಯರಿಬ್ಬರಿಗೂ ಜಗಳವಾಗಿ ಹೋಗಿತ್ತು. ಅಕ್ಕ ಹೊಲಿದ ಅಂಗಿಯ ಕಾಜಾಗಳು ಓರೆಯಾಗಿವೆ ಎಂದು ಅವಳು ಹೇಳಿದ್ದಳಂತೆ. "ಕಿವಿ ಹೋಯ್ತು, ಇನ್ನು ಕಣ್ಣೂ ಹೋಯ್ತಾ ಅಂತ ಕೇಳ್ತಾಳೆ ಕಣೋ, ನನ್ನನ್ನ! ಅವಳ ಮಗ್ಗದಲ್ಲಿ ದಾರ ಹರಿದಾಗ್ಲೆಲ್ಲ ಗಂಟು ಹಾಕ್ಕೊಟ್ಟವಳು ಯಾರು?" ಎಂದು ಅಕ್ಕ ಅದೇ ಕಾಜಾಗಳನ್ನು ಸಿಟ್ಟಿನಿಂದ ಬಿಚ್ಚುತ್ತಿದ್ದಳು. ಗೆಳತಿ ಹೇಳಿದ್ದು ನಿಜವೇ ಇದ್ದಿರಬೇಕು, ಇಲ್ಲವಾದರೆ ಬಿಚ್ಚುವುದೇಕೆ? ಅಷ್ಟರಲ್ಲಿ ಮೇಜಿನ ಮೇಲೆ ಅಕ್ಕನ ಫೋನು ನಡುಗಿತು. "ಇದೇನೋ ನಡುಗ್ತಾ ಇದೆ, ನೋಡು ದಸ್ತಾವೇಜು," ಎಂದು ನನ್ನ ಕಡೆ ತಳ್ಳಿದಳು.

'ದಸ್ತಾವೇಜು' ಎಂಬುದು ಅಕ್ಕ ನನಗಿಟ್ಟ ಅಡ್ಡಹೆಸರು. ನಾನು ನೋಂದಣಿ ಕಚೇರಿಯ ಮುಂದೆ ಕುಳಿತು ಕ್ರಯಪತ್ರ, ವಿಭಾಗಪತ್ರ ಬರೆದು ಜೀವನ ಮಾಡಿದವನು. ಬರೆದದ್ದನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳದೆ ಯಾರಿಂದಲೂ ರುಜು ಹಾಕಿಸಿದವನಲ್ಲ. ಅವಸರ ಮಾಡಿದವರಿಗೆ, "ಓದಿ ಕೇಳದೆ ಒತ್ತಿದ ಹೆಬ್ಬೆಟ್ಟು ಬರೀ ಮಸಿ ಕಣ್ರೀ," ಎಂದು ಗದರಿಸುತ್ತಿದ್ದೆ. ಆ ಹೆಮ್ಮೆಯಲ್ಲೇ ನಿವೃತ್ತನಾದೆ.

ಅಂಥ ನಾನು ಅಕ್ಕನ ಫೋನು ಕೈಗೆತ್ತಿಕೊಂಡೆ. ಪ್ಲಗ್‌ಗೆ ಹೊಸ ಅಪ್‌ಡೇಟ್ ಬಂದಿದೆ, ನಿಮ್ಮ ಸುರಕ್ಷತೆಗಾಗಿ, ಇನ್ನೂ ಉತ್ತಮ ಅನುಭವಕ್ಕಾಗಿ ಎಂದಿತ್ತು. ಕೆಳಗೆ ಇರುವೆ ಸಾಲಿನಂಥ ಷರತ್ತುಗಳು, ಅದರ ಕೆಳಗೆ 'ಸಮ್ಮತಿಸುತ್ತೇನೆ' ಎಂಬ ನೀಲಿ ಪಟ್ಟಿ. ಒತ್ತಿಬಿಟ್ಟೆ. ಕನ್ನಡಕ ಜೇಬಿನಲ್ಲೇ ಇತ್ತು. ಅಕ್ಕ ತಲೆಯೆತ್ತಿ ಕೇಳಿದಳು, "ಏನಂತೆ?"

"ಏನಿಲ್ಲ, ಪ್ಲಗ್ಗನ್ನ ಹೊಸದು ಮಾಡ್ತಾರಂತೆ."

"ಇರೋದು ಚೆನ್ನಾಗೇ ಇದೆಯಲ್ಲೋ. ಬೇಡ ಅನ್ನು."

ಒತ್ತಿ ಆಗಿತ್ತು. ನಾನು ತಲೆಯಾಡಿಸಿ, "ಆಯ್ತು," ಎಂದೆ.

ಅಧ್ಯಕ್ಷರೇ, ನಿಮ್ಮ ಕಚೇರಿ ಬಳಸಿದ ಪದ 'ಬಳಕೆದಾರರು'. ಆ ಪ್ಲಗ್‌ನ ಬಳಕೆದಾರಳು ನನ್ನ ಅಕ್ಕ. ಅವಳು ಬೇಡ ಎಂದಳು. ಬಾಯಿಬಿಟ್ಟು, ಸಾಕ್ಷಿಯ ಎದುರಿಗೆ ಹೇಳಿದಳು. ಆ ಸಾಕ್ಷಿ ನಾನೇ. ಅವಳ ಹೆಸರಿನಲ್ಲಿ ಬೇರೊಬ್ಬ ಒತ್ತಿದ. ಅವನೂ ನಾನೇ. ನನ್ನ ಕಸುಬಿನಲ್ಲಿ ಇದಕ್ಕೆ ಸಮ್ಮತಿ ಎನ್ನುವುದಿಲ್ಲ, ಖೋಟಾ ರುಜು ಎನ್ನುತ್ತಾರೆ. ಖೋಟಾ ರುಜುವಿನ ಮೇಲೆ ನಿಂತ ಪತ್ರ ರದ್ದಾಗಬೇಕು, ಹಾಕಿದವನಿಗೆ ಶಿಕ್ಷೆಯಾಗಬೇಕು. ನೀವು ಎರಡನ್ನೂ ಬಿಟ್ಟು ದೂರನ್ನು ಮುಕ್ತಾಯಗೊಳಿಸಿದ್ದೀರಿ.

ಆ ಅಪ್‌ಡೇಟ್ ಮಾಡಿದ್ದೇನೆಂದು ನನಗೆ ಆಮೇಲೆ ತಿಳಿಯಿತು. ಮೊದಲು ಬಾಗಿಲ ಗುಂಡಿ ಮನೆಯ ವೈ-ಫೈ ಮೂಲಕ ನೇರವಾಗಿ ಪ್ಲಗ್‌ಗೆ ಹೇಳುತ್ತಿತ್ತು. ಈಗ ಅದು ಇಂಟರ್ನೆಟ್ ಹಿಡಿದು ಎಲ್ಲೋ ಇರುವ ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿ ಅಪ್ಪಣೆ ಪಡೆದು, ಮತ್ತೆ ಅಕ್ಕನ ಕೋಣೆಗೆ ಬರಬೇಕು. ಮೆಟ್ಟಿಲು ಹತ್ತಿ ಹೇಳಬಹುದಾದ ಮಾತನ್ನು ಪರದೇಶ ಸುತ್ತಿ ಬಂದು ಹೇಳುವುದಕ್ಕೆ ಉತ್ತಮ ಅನುಭವ ಎಂದು ಹೆಸರು. ಯಾರ ಅನುಭವ? ಮನೆಗೆ ಯಾರು ಯಾವಾಗ ಬಂದರೆಂದು ತಿಳಿಯುವ ಭಾಗ್ಯ ಕಂಪನಿಗೆ ಸಿಕ್ಕಿತಲ್ಲ, ಅದೇ ಇರಬೇಕು.

ಮುಂದಿನ ಗುರುವಾರ ಬೆಳಿಗ್ಗೆ ಅಕ್ಕನ ಬೀದಿಯಲ್ಲಿ ನೀರಿನ ಕೊಳವೆಗೆಂದು ಅಗೆಯುವವರು ಇಂಟರ್ನೆಟ್ ಕೇಬಲ್ಲನ್ನು ಕತ್ತರಿಸಿದರು. ಪಕ್ಕದ ಮಗ್ಗದವಳು ಬಂದಳು. ದೂರದ ಊರಿನಲ್ಲಿರುವ ತಂಗಿಯ ಮನೆಗೆ ಇದ್ದಕ್ಕಿದ್ದಂತೆ ಹೊರಟುಹೋಗಬೇಕಾಗಿತ್ತು. ಹೋಗುವ ಮುಂಚೆ ಜಗಳ ಮುಗಿಸಿ ಹೋಗೋಣವೆಂದು ಬಂದಿದ್ದಳು. ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಬೀದಿಗಿಳಿದು ತಲೆಯೆತ್ತಿ ನೋಡಿದರೆ ಕಿಟಕಿಯಲ್ಲಿ ಅಕ್ಕನ ಬೆನ್ನು ಕಾಣುತ್ತಿತ್ತು, ಹೊಲಿಯುತ್ತಲೇ ಇದ್ದಳು. ಬಾಗಿಲು ತೆಗೆಯಲಿಲ್ಲವೆಂದರೆ ಏನರ್ಥವೆಂದು ನಾನೇ ಹೇಳಿಕೊಟ್ಟಿದ್ದೆನಲ್ಲ.

ಒಳಗೆ ಅಕ್ಕ ಕಾಯುತ್ತಿದ್ದಳು. ಎರಡು ಲೋಟ ತೊಳೆದಿಟ್ಟಿದ್ದಳು. ಬಾರದವಳನ್ನು ಬೈದುಕೊಂಡು, ಕಡೆಗೆ ಒಂದನ್ನು ಮಾತ್ರ ಬಳಸಿ ಇನ್ನೊಂದನ್ನು ಬೋರಲು ಹಾಕಿದ್ದಳು. ಸಂಜೆ ನಾನು ಹೋದಾಗ ಆ ಲೋಟ ಹಾಗೇ ಇತ್ತು. ಮಾತಾಡುತ್ತಾ ಕುಳಿತಿದ್ದೆವು. ಕೇಬಲ್ ಸರಿಯಾಯಿತೆಂದು ಕಾಣುತ್ತದೆ, ಎದುರಿನ ದೀಪ ಹತ್ತಿತು. ಎರಡು ಸಲ ಬೇಗ ಬೇಗ, ಸ್ವಲ್ಪ ಬಿಟ್ಟು ಒಂದು ಸಲ.

ಅಕ್ಕನ ಮುಖ ಅರಳಿದ್ದನ್ನು ನಾನು ನೋಡಿದೆ. ಕೊರಳಲ್ಲಿ ಅಳತೆ ಪಟ್ಟಿ ನೇತಾಡುತ್ತಿದ್ದ ಹಾಗೇ ಆ ವಯಸ್ಸಿನಲ್ಲಿ ಮೆಟ್ಟಿಲಿಳಿದು ಓಡಿದಳು. ಬಾಗಿಲು ತೆಗೆದಳು. ಬೀದಿಯಲ್ಲಿ ಯಾರೂ ಇರಲಿಲ್ಲ. ಮೇಲೆ ದೀಪ ಇನ್ನೂ ಹತ್ತಿ ಆರುತ್ತಲೇ ಇತ್ತು. ಬೆಳಿಗ್ಗೆ ಒತ್ತಿದ್ದನ್ನೆಲ್ಲ ಗುಂಡಿ ಈಗ ಒಂದೊಂದಾಗಿ ಒಪ್ಪಿಸುತ್ತಿತ್ತು. ಅಕ್ಕ ಬಾಗಿಲು ಹಿಡಿದು ನಿಂತೇ ಕೇಳಿದಳು, "ಅವಳು ಬಂದಿದ್ಳು. ಈಗಲ್ಲ. ಯಾವಾಗ ಬಂದಿದ್ಳೋ?" ಆಮೇಲೆ, "ನೀನೇನಾದ್ರೂ ಮಾಡಿದ್ಯಾ ಇದಕ್ಕೆ?"

"ನಾನಾ? ಕಂಪನಿಯವರು," ಎಂದೆ.

ಮರುದಿನ ಬೆಳಿಗ್ಗೆ ಇಬ್ಬರೂ ಅವಳ ಮನೆಗೆ ಹೋದೆವು. ಬೀಗ. ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಹೇಳಿದ: "ನಿನ್ನೆ ಮಧ್ಯಾಹ್ನದ ಬಸ್ಸಿಗೆ ಹೊರಟ್ರಲ್ಲ. ಒಂದು ಕಾಜಾಕ್ಕೆ ಇಷ್ಟು ಹಟವಾ, ಬೆನ್ನು ತಿರುಗಿಸ್ಕೊಂಡು ಕೂತ್ಬಿಟ್ಲು ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ರು." ಅವನ ಬಾಯನ್ನೇ ನೋಡುತ್ತಿದ್ದ ಅಕ್ಕನಿಗೆ ಯಾರೂ ಮತ್ತೆ ಹೇಳಬೇಕಾಗಿರಲಿಲ್ಲ. ತಂಗಿಯ ನಂಬರ್ ಅವನಿಂದಲೇ ಪಡೆದು ಫೋನು ಮಾಡಿದೆ. ದೀಪ ಹತ್ತಿರಲಿಲ್ಲ ಎಂದೆ. ತಂಗಿ, "ಇರಿ, ಕೇಳ್ತೀನಿ," ಎಂದಳು. ಅಕ್ಕತಂಗಿಯರು ಕೈಮಾತಾಡುತ್ತಿದ್ದಿರಬೇಕು. ಆಮೇಲೆ ತಂಗಿ ಹೇಳಿದಳು: "ಹತ್ತೇ ಹತ್ತುತ್ತೆ ಅಂದಿದ್ದು ನೀವೇ ಅಂತೆ. ಸರ್ಕಾರದ ಸೀಲೂ ತೋರಿಸಿದ್ರಂತೆ. ಈಗ ನಿಮ್ಮ ಅಕ್ಕನ ಪರ ವಕಾಲತ್ತು ಬೇಡ ಅಣ್ಣ, ಬಿಟ್ಬಿಡಿ ಅಂತಾಳೆ."

ಕಂಪನಿಗೆ ಫೋನು ಮಾಡಿದರೆ ವಿನಯದ ದನಿಯೊಂದು, "ಸರ್, ಪ್ಲಗ್ ಹಾಳಾಗಿಲ್ಲ, ಆಫ್‌ಲೈನ್ ಇತ್ತು ಅಷ್ಟೇ," ಎಂದಿತು. ಹಳೆಯ ತಂತ್ರಾಂಶಕ್ಕೆ ಮರಳಲು ದಾರಿಯಿಲ್ಲವಂತೆ. ಅಕ್ಕನಿಗೆ ಹೇಳಿದೆ. "ನಂಗೂ ಗಿರಣಿಯವರು ಹೀಗೇ ಅಂದಿದ್ರು," ಎಂದಳು. "ಕಿವಿ ಹಾಳಾಗಿಲ್ಲಮ್ಮ, ಕೇಳಿಸಲ್ಲ ಅಷ್ಟೇ ಅಂತ."

ನನಗೆ ನೆನಪು ಸ್ವಲ್ಪ ಹೆಚ್ಚು. ನಾನು ಚಿಕ್ಕವನಾಗಿದ್ದಾಗ ನಮ್ಮ ಬೀದಿಯ ಕಬ್ಬಿಣದ ಅಂಗಡಿಯವನ ತಕ್ಕಡಿಯನ್ನು ಸರ್ಕಾರದ ಇನ್‌ಸ್ಪೆಕ್ಟರ್ ಒಬ್ಬರು ಎತ್ತಿಕೊಂಡು ಹೋಗಿದ್ದರು. ಮುದ್ರೆ ಬಿದ್ದ ಮೇಲೆ ಅವನು ತಟ್ಟೆಯ ಅಡಿಗೆ ಏನೋ ಅಂಟಿಸಿದ್ದ. "ಗಿರಾಕಿಗಳು ನೋಡಿಯೇ ತಗೊಂಡಿದಾರೆ ಸ್ವಾಮಿ, ಯಾರೂ ಬೇಡ ಅಂದಿಲ್ಲ," ಎಂದು ಅವನು ವಾದಿಸಿದ. ಇನ್‌ಸ್ಪೆಕ್ಟರ್ ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ: "ಮುದ್ರೆ ಬಿದ್ದ ಮೇಲೆ ಇದು ನಿನ್ನೊಬ್ಬನ ತಕ್ಕಡಿಯಲ್ಲಪ್ಪ. ಮುಟ್ಟೋ ಹಾಗಿದ್ರೆ ಮತ್ತೆ ನಮ್ಮ ಹತ್ರ ತರಬೇಕಿತ್ತು." ಆ ಅಂಗಡಿಯವನ ವಾದವನ್ನೇ ಇಷ್ಟು ವರ್ಷಗಳ ಮೇಲೆ ನಿಮ್ಮ ಮಂಡಳಿ ತನ್ನ ತೀರ್ಪಿನಂತೆ ಬರೆದು ಕಳಿಸಿದೆ. ನೀವು ಪರೀಕ್ಷಿಸಿದ ಪ್ಲಗ್ ಒಂದು, ಈಗ ಮನೆಮನೆಯಲ್ಲಿರುವ ಪ್ಲಗ್ ಇನ್ನೊಂದು. ಮುದ್ರೆ ಮಾತ್ರ ಅದೇ. ಬದಲಾಯಿಸುವ ಮುಂಚೆ ಕಂಪನಿ ನಿಮ್ಮನ್ನು ಕೇಳಿತೇ? ಕೇಳಿದ್ದರೆ ನೀವು ಹೇಗೆ ಒಪ್ಪಿದಿರಿ? ಕೇಳದಿದ್ದರೆ ನಿಮಗೆ ಸಿಟ್ಟೇಕೆ ಬರಲಿಲ್ಲ? ಅಥವಾ ನೀವೂ ನನ್ನ ಹಾಗೆ ಕನ್ನಡಕ ಜೇಬಿನಲ್ಲಿಟ್ಟುಕೊಂಡೇ ಒತ್ತಿದಿರೋ?

ನಿಮ್ಮನ್ನು ಕೇಳುವ ಯೋಗ್ಯತೆ ನನಗಿಲ್ಲವೆಂದು ಗೊತ್ತು. ಅದಕ್ಕೇ ಈ ಪತ್ರವನ್ನು ಪತ್ರಿಕೆಗೆ ಕಳಿಸುವ ಮುಂಚೆ ಅಕ್ಕನ ಮುಂದಿಟ್ಟೆ. ನಾನು ಒತ್ತಿದ್ದು ಅವಳಿಗೆ ತಿಳಿದದ್ದು ಹೀಗೆಯೇ. ಅವಳು ಓದಿ ಮುಗಿಸಿ ಪತ್ರವನ್ನು ಮಡಚಿ ಯಂತ್ರದ ಮೇಲಿಟ್ಟಳು. ನಂತರ, "ಬೇಡ ಅನ್ನು ಅಂದೆ. ಆಯ್ತು ಅಂದೆ ನೀನು. ನಿನ್ನ ತುಟಿ ನೋಡಿ ನಂಬಿದೆ ಕಣೋ," ಎಂದಳು. ಅಷ್ಟೇ. ಅಡ್ಡಹೆಸರು ಹಿಡಿದು ಕರೆಯಲಿಲ್ಲ. ನಾನು ಎಸೆದಿದ್ದ ದಾರವನ್ನು ಅವಳು ಎತ್ತಿಟ್ಟಿದ್ದಳು, ಪೆಟ್ಟಿಗೆಯಿಂದ ತೆಗೆದು ನನ್ನ ಕೈಗೆ ಕೊಟ್ಟಳು. ಮೊಳೆ ಹೊಡೆದು ಕಟ್ಟಿದ್ದೇನೆ. ಕೆಂಪು ಬಟ್ಟೆ ಗೋಡೆಯ ಮೇಲೆ ಮತ್ತೆ ತೂಗುತ್ತಿದೆ, ಆದರೆ ಎರಡು ಸಲ ಎಳೆದು ಒಂದು ಸಲ ಎಳೆಯುವವರು ಇಲ್ಲ. ಬಸ್ಸು ಹತ್ತಿ ಹೋಗೋಣ ಬಾ ಎಂದರೆ ಅಕ್ಕ ಒಪ್ಪುವುದಿಲ್ಲ. "ಹೋಗಿ ಏನಂತ ಹೇಳ್ಲಿ? ನಿನ್ನ ಮಾತು ಅವಳು ನಂಬಲ್ಲ. ನನ್ನ ಬೆನ್ನನ್ನ ಅವಳು ಕಣ್ಣಾರೆ ನೋಡಿದಾಳೆ. ಅವಳು ನಂಬೋದು ಆ ಸೀಲು."

ಆದ್ದರಿಂದ ನನ್ನ ಬೇಡಿಕೆ ಇದು. ನನ್ನ ಅಕ್ಕನ ಹೆಸರಿನಲ್ಲಿರುವ ಸಮ್ಮತಿಯನ್ನು ರದ್ದು ಮಾಡಿ. ಬೇಕಿದ್ದರೆ ಖೋಟಾ ರುಜುವಿಗೆ ನನ್ನ ಮೇಲೆ ಮೊಕದ್ದಮೆ ಹೂಡಿ, ತಪ್ಪೊಪ್ಪಿಗೆ ಮೇಲೆಯೇ ಇದೆ. ಪ್ಲಗ್‌ಗಳಿಗೆ ಮನೆಯೊಳಗಿನ ಮಾತು ಕೇಳುವ ಶಕ್ತಿಯನ್ನು ಕಂಪನಿಯಿಂದ ಮರಳಿ ಕೊಡಿಸಿ, ಇಲ್ಲವೇ ನಿಮ್ಮ ಮುದ್ರೆಯನ್ನು ಅಳಿಸಿ. ಎಲ್ಲಕ್ಕಿಂತ ಮೊದಲು, ನನಗೆ ಖಾಸಗಿಯಾಗಿ ಉತ್ತರಿಸಬೇಡಿ. ಇದೇ ಪತ್ರಿಕೆಯಲ್ಲಿ, ನಿಮ್ಮ ಮಂಡಳಿಯ ಹೆಸರಿನಲ್ಲಿ, ಕೆಳಗೆ ಅದೇ ದುಂಡು ಮುದ್ರೆಯೊತ್ತಿ ಒಂದು ವಾಕ್ಯ ಬರೆಯಿರಿ: 'ನಾವು ಖಾತರಿ ಕೊಟ್ಟ ದೀಪ ಆ ಗುರುವಾರ ಬೆಳಿಗ್ಗೆ ಹತ್ತಲಿಲ್ಲ.' ಅದನ್ನು ಕತ್ತರಿಸಿ ಅಂಚೆಗೆ ಹಾಕುವುದಕ್ಕೆ ಅಕ್ಕ ಲಕೋಟೆಯ ಮೇಲೆ ಗೆಳತಿಯ ವಿಳಾಸ ಬರೆದಿಟ್ಟುಕೊಂಡು ಕಾಯುತ್ತಿದ್ದಾಳೆ. ಯಾವಾಗ ಬರೆಯುತ್ತೀರಿ?

ಇಂತಿ,
ಬೇಡ ಎಂದವಳ ಹೆಸರಿನಲ್ಲಿ ಹೂಂ ಎಂದ ತಮ್ಮ,
ನಿವೃತ್ತ ದಸ್ತಾವೇಜು ಬರಹಗಾರ
(ಈ ಪತ್ರವನ್ನು ಓದಿಸಿ, ಒಪ್ಪಿಗೆ ಪಡೆದು ಕಳಿಸಿದ್ದೇನೆ)